ನನ್ನ ರಕ್ತದೊಳಗಿನ ಐನಾರು

ನನ್ನ ಕಾಲು ತೊಳೆದ ನೀರನ್ನು ಜನ ಕಣ್ಣಿಗೊತ್ತಿಕೊಂಡು ಕುಡಿಯುತ್ತಿದ್ದರು. ನನ್ನ ಕಾಯಿಲೆಯ ಕತೆಯನ್ನು ಇಲ್ಲಿಂದಲೇ ಶುರು ಮಾಡಬೇಕು. ಇಲ್ಲದಿದ್ದರೆ ಚರ್ಮದ ಒಂದು ತೊಂದರೆಗೆ ಈ ಮನುಷ್ಯ ಯಾಕೆ ಇಷ್ಟು ಹೆದರಿದ ಅಂತ ನಿಮಗೆ ಅನ್ನಿಸಬಹುದು.

ನಾವು ಐನಾರು, ಅಂದರೆ ಜಂಗಮರು. ಜೇವರ್ಗಿ ತಾಲ್ಲೂಕಿನಲ್ಲಿ ಅಂದೋಲಾ ದಾಟಿ ಸ್ವಲ್ಪ ಮುಂದೆ ಹೋದರೆ ನಮ್ಮ ಊರು. ಕೂಸು ಹುಟ್ಟಿದರೆ ಅದಕ್ಕೆ ಲಿಂಗ ಕಟ್ಟುವುದು, ಮದುವೆಯಲ್ಲಿ ಮಂತ್ರ ಹೇಳುವುದು, ಸತ್ತವರನ್ನು ಸಮಾಧಿಯಲ್ಲಿ ಕೂಡಿಸುವುದು ನಮ್ಮ ಮನೆತನದ ಕೆಲಸ. ಶ್ರಾವಣ ಬಂತೆಂದರೆ ಭಕ್ತರು ಮನೆಗೆ ಕರೆಯುತ್ತಾರೆ. ಮನೆಯ ಹಿರಿಯರು ನನ್ನ ಪಾದ ತೊಳೆದು, ವಿಭೂತಿ ಹಚ್ಚಿ, ಪತ್ರಿ ಏರಿಸಿ, ಆ ನೀರನ್ನು ಪಾದೋದಕವೆಂದು ಅಂಗೈಯಲ್ಲಿ ಹಿಡಿದು ಸೇವಿಸುತ್ತಾರೆ. ಹೊಸ ಕಾಲದ ಕೆಲವು ಮನೆಗಳಲ್ಲಿ ಇದು ನಿಂತಿದೆ, ಕೆಲವು ಮನೆಗಳಲ್ಲಿ ಇನ್ನೂ ಇದೆ. ಚಿಕ್ಕಂದಿನಲ್ಲಿ ನನ್ನೊಡನೆ ಗೋಲಿ ಆಡಿ ಜಗಳ ತೆಗೆದವರೂ ಆ ಹೊತ್ತಿಗೆ ನನ್ನ ಕಾಲಿಗೆ ಬೀಳುತ್ತಾರೆ. ಮೊದಮೊದಲು ನನಗೆ ನಗು ತಡೆಯಲು ಆಗುತ್ತಿರಲಿಲ್ಲ. ಆಗ ನಮ್ಮಪ್ಪ ಗದರಿಸಿದ್ದ. “ಅವರು ನಿನಗ ಬೀಳಾಕತ್ತಿಲ್ಲಲೇ, ಜಂಗಮಕ್ಕ ಬೀಳಾಕತ್ತಾರ. ನೀ ನಡುವ ಬರಬ್ಯಾಡ.”

ನಡುವೆ ಬಂದದ್ದು ನನ್ನ ಚರ್ಮ.

ಮೊದಲು ಮೊಣಕೈ ಮೇಲೆ ಒಂದು ರೂಪಾಯಿ ಬಿಲ್ಲೆಯಷ್ಟು ಕೆಂಪು ಕಲೆ ಎದ್ದಿತು. ಹುಳಕಡ್ಡಿ ಇರಬೇಕೆಂದು ಜೇವರ್ಗಿ ಬಸ್ ಸ್ಟ್ಯಾಂಡ್ ಎದುರಿನ ಔಷಧಿ ಅಂಗಡಿಯಿಂದ ಮುಲಾಮು ತಂದು ಹಚ್ಚಿದೆ. ಕಲೆ ಹೋಗಲಿಲ್ಲ, ಮುಲಾಮು ಮುಗಿಯಿತು. ಆಮೇಲೆ ಮೊಣಕಾಲಿಗೆ ಬಂತು, ತಲೆಯೊಳಗೆ ಬಂತು, ಹಿಮ್ಮಡಿಗೆ ಬಂತು, ಕೊನೆಗೆ ಎಡ ಅಂಗೈಗೂ ಬಂತು. ಕೆಂಪು ಕಲೆಯ ಮೇಲೆ ಬೆಳ್ಳಗಿನ ಪದರು ಕಟ್ಟಿಕೊಳ್ಳುತ್ತಿತ್ತು. ಪದರು ಕಿತ್ತರೆ ಕೆಳಗೆ ಸೂಜಿಯಿಂದ ಚುಚ್ಚಿದ ಹಾಗೆ ರಕ್ತದ ಸಣ್ಣ ಸಣ್ಣ ಚುಕ್ಕೆ. ಬೆಳಿಗ್ಗೆ ನನ್ನ ಹಾಸಿಗೆ ಝಾಡಿಸುವಾಗ ಹೆಂಡತಿ ನೀಲಮ್ಮ ಏನೂ ಮಾತಾಡುತ್ತಿರಲಿಲ್ಲ. ಮಾತಿನ ಮಲ್ಲಿ ಅವಳು, ಸುಮ್ಮನಿದ್ದಾಳೆಂದರೆ ಹೆದರಿದ್ದಾಳೆ ಅಂತಲೇ ಅರ್ಥ.

ಇಷ್ಟಲಿಂಗವನ್ನು ಎಡ ಅಂಗೈಯಲ್ಲಿ ಇಟ್ಟುಕೊಂಡು ಪೂಜೆ ಮಾಡುವುದು ನಮ್ಮ ಪದ್ಧತಿ. ಅಂಗೈ ಒಡೆದಿತ್ತು. ಬಿರುಕಿನ ಪಕ್ಕದಲ್ಲಿ ಲಿಂಗ ಇಟ್ಟು ಕಣ್ಣು ನೆಟ್ಟರೆ ಮನಸ್ಸು ಲಿಂಗದ ಮೇಲೆ ನಿಲ್ಲದೆ ಬಿರುಕಿಗೇ ಹೋಗುತ್ತಿತ್ತು. ನೀರು ಹಾಕಿದರೆ ಉರಿ. ಆದರೂ ಪೂಜೆ ಬಿಡಲಿಲ್ಲ. ಬಿಟ್ಟರೆ ನನಗೆ ನಾನೇ ಸಿಗದೆ ಹೋಗುತ್ತೇನೆ ಎನ್ನುವ ಭಯ ಇತ್ತು.

ಎರಡು ಶ್ರಾವಣದ ಹಿಂದಿನ ಮಾತು. ಗೌಡರ ಮನೆಯಿಂದ ಕರೆ ಬಂತು. ಶರಣಪ್ಪ ಗೌಡ ನನ್ನ ಓರಗೆಯವನು, ಶಾಲೆಯಲ್ಲಿ ಒಂದೇ ಬೆಂಚಿನವರು ನಾವು. ಮನೆಯಲ್ಲಿ ಅವನ ತಾಯಿ ಶಿವಕಾಂತಮ್ಮ, ಹೆಂಡತಿ ಸುಜಾತಾ. ಮದುವೆಯಾಗಿ ಎಷ್ಟೋ ವರ್ಷ ಮಕ್ಕಳಾಗದೆ ಆ ಮನೆ ನೋಡದ ಡಾಕ್ಟರಿಲ್ಲ, ಹೊರದ ಹರಕೆಯಿಲ್ಲ. ಆ ಶ್ರಾವಣದಲ್ಲಿ ಸುಜಾತಾ ಬಸುರಿ ಎಂಬುದು ಗೊತ್ತಾಗಿತ್ತು. ಶಿವಕಾಂತಮ್ಮನವರ ಕಾಲು ನೆಲದ ಮೇಲಿರಲಿಲ್ಲ.

“ಐನಾರ, ನನ್ನ ಮಗಗ ನಿಮ್ಮ ಅಪ್ಪಾರು ಲಿಂಗಾ ಕಟ್ಟ್ಯಾರ. ಈ ಕೂಸಿಗಿ ನೀವೇ ಕಟ್ಟಬೇಕು. ಬ್ಯಾರೆಯವರ ಕೈಲೆ ನಾ ಕಟ್ಟಸಂಗಿಲ್ಲ. ಈಗೇ ಹೇಳಿ ಇಡ್ತೇನಿ,” ಅಂದರು.

“ಆಗ್ಲಿ ಅವ್ವಾ, ಬರ್ತೇನಿ,” ಅಂದೆ.

ಪಾದಪೂಜೆ ಮುಗಿಯಿತು. ಆ ದಿನ ಕಾಲಿಗೆ ಕೊಬ್ಬರಿ ಎಣ್ಣೆ ತಿಕ್ಕಿಕೊಂಡು ಹೋಗಿದ್ದೆ, ಹಾಗಾಗಿ ಯಾರ ಕಣ್ಣಿಗೂ ಏನೂ ಬಿದ್ದಿರಲಿಲ್ಲ. ಪ್ರಸಾದ ಮುಗಿಸಿ ಕೂತಲ್ಲಿಂದ ಎದ್ದೆ. ನನಗಾಗಿ ಹಾಸಿದ್ದು ಕರಿ ಕಂಬಳಿ. ನಾನು ಕೂತಿದ್ದ ಜಾಗದಲ್ಲಿ, ಮೊಣಕೈ ಊರಿದ್ದ ಕಡೆ, ಬೆಳ್ಳಗೆ ಪುಡಿ ಉದುರಿತ್ತು. ಐನಾರ ಮೈ ಮೇಲಿನಿಂದ ಬೆಳ್ಳಗಿನದು ಉದುರಿದರೆ ಅದು ವಿಭೂತಿಯಲ್ಲದೆ ಇನ್ನೇನಿದ್ದೀತು? ಶಿವಕಾಂತಮ್ಮ ಬಗ್ಗಿ, ಬೆರಳ ತುದಿಯಿಂದ ಅದನ್ನು ಒತ್ತಿ ತೆಗೆದು, ಭಕ್ತಿಯಿಂದ ಹಣೆಗೆ ಹಚ್ಚಿಕೊಂಡರು. ಇನ್ನೊಂದು ಚಿಟಿಕೆ ತೆಗೆದುಕೊಂಡು ಸೊಸೆಯ ಹಣೆಯ ಕಡೆ ಕೈ ಚಾಚಿದರು.

ನನ್ನ ಜೀವ ಬಾಯಿಗೆ ಬಂತು.

“ಅವ್ವಾ, ನಿಲ್ಲ್ರಿ! ಅದು ಭಸ್ಮ ಅಲ್ರಿ. ನನ್ನ ಚರ್ಮ.”

ನಾನೇ ಅಂಗಿಯ ತೋಳು ಮೇಲಕ್ಕೆ ಸರಿಸಿ ಮೊಣಕೈ ತೋರಿಸಿದೆ. ಸುಜಾತಾ ಹಿಂದೆ ಸರಿದಳು, ಬಾಗಿಲಿಗೆ ಬೆನ್ನು ತಾಗುವವರೆಗೂ ಸರಿದಳು. ಅವಳ ಕೈ ಹೊಟ್ಟೆಯ ಮೇಲಿತ್ತು. “ಅತ್ತಿ, ಕೂಸಿಗಿ ಏನರ ಆದ್ರ?” ಎಂದು ಸಣ್ಣ ದನಿಯಲ್ಲಿ ಕೇಳಿದಳು. ಶರಣಪ್ಪ ತೊಲೆ ನೋಡುತ್ತ ನಿಂತ. ಶಿವಕಾಂತಮ್ಮ ಹಣೆ ಒರೆಸಿಕೊಳ್ಳಬೇಕೋ ಬೇಡವೋ ತಿಳಿಯದೆ ಹಾಗೇ ಬೆರಳು ಎತ್ತಿಕೊಂಡು ನಿಂತಿದ್ದರು.

“ಇದು ಹೋದ ಮ್ಯಾಲೆ ಬರ್ತೇನಿ ಅವ್ವಾ. ಹೋಗಲಿಲ್ಲ ಅಂದ್ರ ಕೂಸಿಗಿ ಬ್ಯಾರೆ ಐನಾರನ್ನ ಕರೀರಿ,” ಎಂದು ಹೇಳಿ ಚಪ್ಪಲಿ ಮೆಟ್ಟಿಕೊಂಡು ಹೊರಬಿದ್ದೆ. ಸುಜಾತಾಳ ಮೇಲೆ ನನಗೆ ಸಿಟ್ಟು ಬರಲಿಲ್ಲ. ಅಷ್ಟು ಕಾದು ಪಡೆದದ್ದನ್ನು ಅವಳು ಕಾಯಬೇಕಾದದ್ದೇ. ಆದರೆ ಆ ಕೂಸಿಗೆ ಲಿಂಗ ಕಟ್ಟುವ ಕೈ ನನ್ನದಾಗುವುದೋ ಇಲ್ಲವೋ ಎನ್ನುವುದು ಅಂದಿನಿಂದ ಎದೆಯಲ್ಲಿ ಕೂತುಬಿಟ್ಟಿತು. ಬೇರೆ ಮನೆಗಳಿಗೂ ಹೋಗುವುದನ್ನು ನಿಲ್ಲಿಸಿದೆ.

ನೀಲಮ್ಮ ಗಾಣಗಾಪುರಕ್ಕೆ ಹರಕೆ ಹೊತ್ತಿದ್ದಳು. ಅಫಜಲಪುರದ ಬಸ್ಸು ಹಿಡಿದು ಹೋದೆವು. ದತ್ತನ ಊರಿಗೆ ಐನಾರಿಗೇನು ಕೆಲಸ ಅಂತ ಕೇಳುವವರು ನಮ್ಮ ಕಡೆ ಇಲ್ಲ, ಕಷ್ಟ ಬಂದಾಗ ಎಲ್ಲರೂ ಎಲ್ಲ ಕಡೆಗೂ ಹೋಗುತ್ತಾರೆ. ಸಂಗಮದ ನೀರಿನಲ್ಲಿ ಬಹಳ ಹೊತ್ತು ಕೂತೆ. ಎದ್ದು ನೋಡಿದರೆ ಪದರೆಲ್ಲ ನೆನೆದು ಬಿಟ್ಟುಕೊಂಡು ಕಾಲು ಎಳೆ ಕೂಸಿನ ಪಾದದ ಹಾಗೆ ಕೆಂಪಗೆ, ನುಣ್ಣಗೆ ಕಂಡಿತು. ನೀಲಮ್ಮ ಅಳತೊಡಗಿದಳು. ನಾನೂ ಅತ್ತೆ ಅಂತಿಟ್ಟುಕೊಳ್ಳಿ. ತಿರುಗಿ ಬರುವಾಗ ಬಸ್ಸಿನಲ್ಲಿ ಚರ್ಮ ಒಣಗಿ ಬಿಗಿಯತೊಡಗಿತು. ಊರು ಮುಟ್ಟುವ ಹೊತ್ತಿಗೆ ಮೊದಲಿನಂತೆಯೇ ಆಗಿತ್ತು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ಆಮೇಲೆ ಭೀಮಾ ದಂಡೆಯ ಒಂದು ಊರಿನಲ್ಲಿ ಔಷಧಿ ಕೊಡುವವರೊಬ್ಬರ ಬಳಿಗೆ ಯಾರೋ ಕರೆದುಕೊಂಡು ಹೋದರು. ಕರಿ ಪುಡಿ ಕೊಟ್ಟರು. ಅದರಲ್ಲಿ ಏನಿತ್ತೋ ಶಿವನೇ ಬಲ್ಲ. ಜೇನುತುಪ್ಪದಲ್ಲಿ ಕಲಸಿ ನೆಕ್ಕಿದೆ. ದಸರಾ ಹೊತ್ತಿಗೆ ಚರ್ಮ ಒಂಚೂರು ತಣ್ಣಗಾದಂತೆ ಅನ್ನಿಸಿತು. ದೀಪಾವಳಿ ಹೊತ್ತಿಗೆ ರೊಟ್ಟಿ ಕಂಡರೆ ವಾಕರಿಕೆ ಬರತೊಡಗಿತು, ಉಚ್ಚೆ ಹಳದಿಯಾಯಿತು, ಮೆಟ್ಟಿಲು ಹತ್ತಿದರೆ ಸುಸ್ತು. ಚರ್ಮ ಮಾತ್ರ ತಿರುಗಿ ಎದ್ದಿತು, ಮೊದಲಿಗಿಂತ ಜೋರಾಗಿ.

ಕಲಬುರಗಿಯ ದೊಡ್ಡ ದವಾಖಾನೆಗೆ ಹೋದದ್ದು ಆಗ. ಚರ್ಮದ ವಿಭಾಗದ ಮುಂದೆ ಉದ್ದನೆ ಬೆಂಚು, ಬೆಂಚಿನ ತುಂಬ ಜನ. ಕೂತ ಮೇಲೆ ಒಂದು ವಿಷಯ ಗಮನಕ್ಕೆ ಬಂತು. ಅಲ್ಲಿ ಯಾರೂ ಯಾರ ಮುಖವನ್ನೂ ನೋಡುತ್ತಿರಲಿಲ್ಲ, ಎಲ್ಲರೂ ಒಬ್ಬರ ಮೊಣಕೈ ಒಬ್ಬರು ಕದ್ದು ನೋಡುತ್ತಿದ್ದರು. ನನ್ನ ಪಕ್ಕ ಕೂತಿದ್ದ ಮುದುಕ ಪಂಚೆ ಸ್ವಲ್ಪ ಸರಿಸಿದ. ಅವನ ಮೊಣಕಾಲಿನ ಮೇಲೆ ನನ್ನದೇ ಕಲೆ! ಅದೇ ಕೆಂಪು, ಅದೇ ಬಿಳಿ ಪದರು. ಅಲ್ಲಿಯವರೆಗೆ ಜಗತ್ತಿನಲ್ಲಿ ಇದು ನನಗೊಬ್ಬನಿಗೇ ಬಂದಿದೆ ಅಂದುಕೊಂಡಿದ್ದೆ. ನಾನೂ ಅಂಗಿ ತೋಳು ಮೇಲೇರಿಸಿದೆ. ಮುದುಕ ನೋಡಿ, “ನಿಮ್ಮದೂ ಛಳಿಗಿ ಜಾಸ್ತಿ ಆಗ್ತದೇನ್ರಿ?” ಎಂದು ಕೇಳಿದ, ಎರಡು ಹೊಲದವರು ಬೆಳೆ ವಿಚಾರಿಸುವ ಹಾಗೆ. ಆ ಬೆಂಚಿನ ಮೇಲೆ ಎಷ್ಟೋ ತಿಂಗಳ ನಂತರ ನನಗೆ ನಗು ಬಂತು.

ಒಳಗೆ ಇದ್ದವರು ವಯಸ್ಸಿನಲ್ಲಿ ಚಿಕ್ಕ ಡಾಕ್ಟರು, ತಸ್ನೀಮ್ ಅಂತ ಹೆಸರು. ಆಳಂದದವರು, ಮಾತಿನಲ್ಲೇ ಗೊತ್ತಾಗುತ್ತಿತ್ತು. ಕೈಗವಸು ಹಾಕದೆ ನನ್ನ ಹಿಮ್ಮಡಿ ಹಿಡಿದು ತಿರುಗಿಸಿ ನೋಡಿದರು. ಭಕ್ತಿ ಇಲ್ಲದೆ, ಅಸಹ್ಯವೂ ಇಲ್ಲದೆ ನನ್ನ ಪಾದ ಮುಟ್ಟಿದ ಮೊದಲ ಮನುಷ್ಯರು ಅವರೇ ಇರಬೇಕು.

“ಇದಕ್ಕ ಸೋರಿಯಾಸಿಸ್ ಅಂತಾರ್ರಿ ಸ್ವಾಮ್ಯಾರ. ಚರ್ಮ ಬೆಳೆಯೂದಕ್ಕ ಭಾಳ ಅವಸರ ಮಾಡಾಕತ್ತದ, ಅಷ್ಟೇ. ಅಂಟೂದಿಲ್ಲ.”

“ಮತ್ತೊಮ್ಮೆ ಹೇಳ್ರಿ,” ಅಂದೆ.

“ಅಂಟೂದಿಲ್ರಿ. ಮುಟ್ಟಿದ್ರ ಅಂಟೂದಿಲ್ಲ, ತೊಳೆದ ನೀರಿಲಿಂದ ಅಂಟೂದಿಲ್ಲ, ಉದುರಿದ ಪುಡಿಯಿಂದ ಅಂಟೂದಿಲ್ಲ.”

ನೀರಿನ ವಿಷಯ ನಾನು ಹೇಳಿರಲಿಲ್ಲ. ನನ್ನ ಹಣೆ, ಕೊರಳು ನೋಡಿ ಅವರೇ ಅರ್ಥ ಮಾಡಿಕೊಂಡಿದ್ದರು ಅನ್ನಿಸುತ್ತದೆ. ತಲೆ ಅಲ್ಲಾಡಿಸಿದೆ. ಕೇಳಿದೆ, “ಇದು ಹೋಗ್ತದೇನ್ರಿ?”

“ಕಮ್ಮಿ ಆಗ್ತದ. ಪೂರಾ ಹೋಗ್ತದ ಅಂತ ನಾ ಸುಳ್ಳ ಹೇಳಂಗಿಲ್ಲ. ವಾರಕ್ಕ ಒಂದೇ ದಿನ ತಗೊಳ್ಳೂ ಗುಳಿಗಿ ಅದ, ಚಲೋ ಗುಳಿಗಿ. ಆದ್ರ ಅದು ಲಿವರಿಗಿ ಭಾರ. ಮೊದಲ ರಕ್ತ ನೋಡ್ತೇನಿ.”

ರಕ್ತ ನೋಡಿದರು. ಮರುದಿನ ಅವರ ಮುಖ ಗಂಭೀರವಾಗಿತ್ತು. ಲಿವರಿನ ಎನ್ಜೈಮುಗಳು ಬಹಳ ಏರಿವೆ ಅಂದರು. ಪುಸ್ತಕದ ಕನ್ನಡದಲ್ಲಿ ಕಿಣ್ವ ಅನ್ನುತ್ತಾರಂತೆ. ಅವು ಲಿವರಿನ ಒಳಗಿದ್ದು ಕೆಲಸ ಮಾಡುವಂಥವು, ಲಿವರು ನೊಂದಾಗ ರಕ್ತಕ್ಕೆ ಸೋರಿ ಬರುತ್ತವೆ. ಕರಿ ಪುಡಿಯ ಮಾತು ಕೇಳಿ ತಿಳಿದುಕೊಂಡು, “ಅದನ್ನ ಇವತ್ತೇ ಬಿಡ್ರಿ,” ಅಂದರು. ಎನ್ಜೈಮು ಇಳಿಯುವ ತನಕ ಗುಳಿಗೆ ಕೊಡುವ ಹಾಗಿಲ್ಲ. ಇಳಿಯದಿದ್ದರೆ? ಕೇಳಿದ್ದಕ್ಕೆ, ತಿಂಗಳು ಬಿಟ್ಟು ಬರಲು ಹೇಳಿದರು.

ಮನೆಗೆ ಬಂದು ಲಿವರು ಅಂದದ್ದೇ ತಡ, ನೀಲಮ್ಮ, ಅವಳ ಅಣ್ಣ, ಓಣಿಯವರು ಎಲ್ಲರೂ ಸೇರಿ ಕಾಮಣಿ, ಅಂದರೆ ಕಾಮಾಲೆ, ಅಂತ ತೀರ್ಮಾನ ಮಾಡಿದರು. ಕಾಮಣಿಗೆ ಸೊಪ್ಪಿನ ರಸ ಕೊಡುವವರೊಬ್ಬರು ಇದ್ದಾರೆ, ನಾಳೆಯೇ ಹೋಗೋಣ ಎಂದು ಗಾಡಿಯನ್ನೂ ಗೊತ್ತು ಮಾಡಿಬಿಟ್ಟರು. ನನಗೆ ಎಲ್ಲಿಂದ ಧೈರ್ಯ ಬಂತೋ, “ಒಂದು ಪುಡಿ ತಿಂದು ಲಿವರು ಸೋರಾಕತ್ತದ, ಇನ್ನೊಂದು ರಸಾ ಕುಡದು ಅದನ್ನ ಪೂರಾ ಹರಿಸಬೇಕೇನು?” ಎಂದು ಕೂಗಾಡಿದೆ. ಭಾವ ಸಿಟ್ಟು ಮಾಡಿಕೊಂಡು ಊಟ ಮಾಡದೆ ಹೋದ. ನೀಲಮ್ಮ ಸುಮ್ಮನೆ ಜೋಳದ ಅಂಬಲಿ ಕಾಸಿಕೊಟ್ಟಳು.

ಆ ಕಾಯುವ ದಿನಗಳನ್ನು ಹೇಗೆ ಹೇಳಲಿ. ಔಷಧಿಯಿಲ್ಲ, ಮುಲಾಮಿನ ಹೊರತು ಏನೂ ಇಲ್ಲ. ಹೊರಗೆ ಛಳಿ ಹೆಚ್ಚಾಗುತ್ತಿತ್ತು, ಹಿಮ್ಮಡಿ ಒಡೆದು ನಡೆದರೆ ಕಣ್ಣಲ್ಲಿ ನೀರು. ಓಣಿಯಲ್ಲಿ ಸುಜಾತಾಳ ಸೀಮಂತದ ಹಾಡು ಕೇಳಿಬಂತು. ಕೂಸಿನ ಹೊತ್ತು ಹತ್ತಿರ ಬರುತ್ತಿದೆ, ನನ್ನ ಗುಳಿಗೆಯೇ ಇನ್ನೂ ಶುರುವಾಗಿಲ್ಲ. ಪೂಜೆಗೆ ಕೂತಾಗ ಲಿಂಗ ನೋಡುತ್ತ, ನನ್ನ ಹೊಟ್ಟೆಯ ಬಲಗಡೆ ಕಣ್ಣಿಗೆ ಕಾಣದಂತೆ ಏನೋ ನಡೆಯುತ್ತಿದೆಯಲ್ಲ ಅಂತ ಅನ್ನಿಸುತ್ತಿತ್ತು. ನಾನು ಮಾಡಿದ್ದು ಇಷ್ಟೇ: ವಿಷ ಹಾಕುವುದನ್ನು ನಿಲ್ಲಿಸಿದ್ದೆ. ಉಳಿದದ್ದನ್ನೆಲ್ಲ ಅದೇ ಮಾಡಿಕೊಳ್ಳಬೇಕಿತ್ತು.

ಮಾಡಿಕೊಂಡಿತು! ಒಂದು ದಿನ ಬೆಳಿಗ್ಗೆ ರೊಟ್ಟಿಯ ವಾಸನೆ ಹಿತವಾಯಿತು. ಪುಂಡಿಪಲ್ಯ ಹಚ್ಚಿಕೊಂಡು ತಿಂದೆ, ಇನ್ನೊಂದು ಕೇಳಿದೆ. ನೀಲಮ್ಮ ತವೆಯ ಮುಂದೆ ಕೂತಲ್ಲಿಂದಲೇ ತಿರುಗಿ ನನ್ನನ್ನು ನೋಡಿದ ನೋಟ ಈಗಲೂ ಕಣ್ಣ ಮುಂದೆ ಇದೆ.

ಕಲಬುರಗಿಗೆ ಎರಡನೇ ಸಲ ಹೋಗುವಾಗ ಶರಣಪ್ಪ ಗೌಡ ಮನೆ ಮುಂದೆ ಬಂದು ನಿಂತ. ತೊಗರಿ ರಾಶಿಯಾಗಿತ್ತು, ಟೆಂಪೋದಲ್ಲಿ ಚೀಲ ಹೇರಿಕೊಂಡು ಪೇಟೆಗೆ ಹೊರಟಿದ್ದ. ಶ್ರಾವಣದ ನಂತರ ನಾವು ಮಾತೇ ಆಡಿರಲಿಲ್ಲ. “ಹತ್ತ್ರಿ ಐನಾರ, ನಾನೂ ಬರ್ತೇನಿ ದವಾಖಾನಿಗಿ,” ಅಂದ. ದಾರಿಯುದ್ದಕ್ಕೂ ತೊಗರಿಯ ಧಾರಣೆ ಬಿಟ್ಟು ಬೇರೆ ಮಾತಿಲ್ಲ. ಅವನು ಯಾಕೆ ಬರುತ್ತಿದ್ದಾನೆ ಅಂತ ನಾನು ಕೇಳಲಿಲ್ಲ.

ಎನ್ಜೈಮು ಇಳಿದಿತ್ತು. ತಸ್ನೀಮ್ ಡಾಕ್ಟರು ಹೇಳಿದಾಗ ಕೈ ಮುಗಿದೆ. ಅವರು ನಗುತ್ತ, “ನನಗ್ಯಾಕ ಮುಗೀತೀರಿ, ನಿಮ್ಮ ಲಿವರಿಗಿ ಮುಗೀರಿ,” ಅಂದರು. ಆಮೇಲೆ ಒಂದು ಕೇಳಿಕೆ ಇಟ್ಟರು. ಈ ಬೇನೆ ಇದ್ದವರ ರಕ್ತದಲ್ಲಿ ಕೆಲವು ಎನ್ಜೈಮುಗಳು ಎಷ್ಟು ಚುರುಕಾಗಿ ಕೆಲಸ ಮಾಡುತ್ತವೆ, ಇಲ್ಲದವರ ರಕ್ತದಲ್ಲಿ ಎಷ್ಟು ಚುರುಕು ಅಂತ ಅಳೆಯುವುದು ಅವರ ಓದಿನ ಭಾಗವಂತೆ. ಗುಳಿಗೆ ಶುರು ಮಾಡುವ ಮೊದಲು ನನ್ನ ಸ್ವಲ್ಪ ರಕ್ತ ಬೇಕು. ಜೊತೆಗೆ ನನ್ನದೇ ವಯಸ್ಸಿನ, ಬೇನೆಯಿಲ್ಲದ ಗಂಡಸಿನ ರಕ್ತವೂ ಬೇಕು. ಬೇಡವೆಂದರೂ ಚಿಕಿತ್ಸೆಗೆ ಏನೂ ಅಡ್ಡಿಯಿಲ್ಲ ಅಂತಲೂ ಹೇಳಿದರು.

ಶರಣಪ್ಪ ಎದೆ ಸೆಟೆಸಿ, “ನಂದು ತಗೋರಿ. ಕಲ್ಲ ಇದ್ದಂಗ ಇದ್ದೇನಿ,” ಎಂದು ತೋಳು ಚಾಚಿದ. ಸೂಜಿ ಒಳಗೆ ಹೋದದ್ದನ್ನು ನೋಡಿದ್ದೇ ತಡ, ಕಲ್ಲು ಕುರ್ಚಿಯಿಂದ ಕೆಳಗೆ ಜಾರತೊಡಗಿತು. ಅವನನ್ನು ಬೆಂಚಿನ ಮೇಲೆ ಮಲಗಿಸಿ, ನನ್ನ ಹೆಗಲ ವಸ್ತ್ರದಿಂದ ಗಾಳಿ ಹಾಕಿದೆ. ರೋಗಿ ಗಾಳಿ ಹಾಕುತ್ತಿದ್ದ, ನಿರೋಗಿ ಮಲಗಿದ್ದ. ಕಣ್ಣು ಬಿಟ್ಟವನು ಮೊದಲು ಆಡಿದ ಮಾತು, “ಊರಾಗ ಯಾರಿಗೂ ಹೇಳಬ್ಯಾಡ್ರಿ.” ಈಗ ಎಲ್ಲರಿಗೂ ಹೇಳಿದಂತಾಯಿತು, ಗೌಡ ಕ್ಷಮಿಸಲಿ.

“ನಮ್ಮ ರಕ್ತಾ ತಗೊಂಡು ಏನ್ ಮಾಡ್ತೀರಿ ನೋಡಬಹುದೇನ್ರಿ?” ಎಂದು ನಾನು ಕೇಳಿದೆ. ಕೇಳುವವರು ಕಡಿಮೆ ಅಂತ ಕಾಣುತ್ತದೆ, ಡಾಕ್ಟರಿಗೆ ಖುಷಿಯಾಯಿತು. ಪಕ್ಕದ ಕೋಣೆಗೆ ಕರೆದುಕೊಂಡು ಹೋದರು.

ಗಾಜಿನ ಎರಡು ನಳಿಕೆಗಳನ್ನು ಒಂದು ಯಂತ್ರದಲ್ಲಿ ಎದುರುಬದುರು ಇಟ್ಟು ಗಿರಗಿರ ತಿರುಗಿಸಿದರು. ತೆಗೆದಾಗ ಕೆಂಪು ಎಲ್ಲ ಕೆಳಗೆ ಕೂತು, ಮೇಲೆ ತೆಳ್ಳಗೆ ಹೊಂಬಣ್ಣದ ನೀರು ನಿಂತಿತ್ತು. ನನ್ನೊಳಗೆ ಇಂಥದೊಂದು ತಿಳಿಯಾದ ನೀರು ಇದೆ ಅಂತ ಯಾರು ಹೇಳಿದ್ದರು ನನಗೆ? ಮೇಲಿನ ಚರ್ಮ ಅಷ್ಟೊಂದು ರಂಪ ಮಾಡುತ್ತಿರುವಾಗ ಒಳಗೆ ಇದು ಇಷ್ಟು ಶಾಂತವಾಗಿತ್ತೇ? ಶರಣಪ್ಪನ ನಳಿಕೆ ಯಾವುದು, ನನ್ನದು ಯಾವುದು ಅಂತ ಕೇಳಿದೆ. ಅಂಟಿಸಿದ ಚೀಟಿ ನೋಡದೆ ಅವರಿಗೂ ಹೇಳಲಾಗಲಿಲ್ಲ.

“ಇನ್ನೊಂದು ನೋಡ್ರಿ,” ಎಂದು ಡಾಕ್ಟರು ಗಾಯ ತೊಳೆಯುವ ನೀರಿನಂಥ ಔಷಧಿಯನ್ನು ಒಂದು ಗಾಜಿನ ಬಟ್ಟಲಿಗೆ ಹಾಕಿದರು. “ಇಂಥಾದ್ದು ನಮ್ಮ ಮೈಯಾಗೂ ಕ್ಷಣ ಕ್ಷಣಕ್ಕ ಒಂಚೂರು ಹುಟ್ಟತದ. ಹಂಗೇ ಬಿಟ್ರ ವಿಷ.” ಅದರೊಳಗೆ ನನ್ನ ರಕ್ತದ ಒಂದು ಹನಿ ಬಿಟ್ಟರು.

ಹನಿ ಬಿದ್ದದ್ದೇ ತಡ, ಬಟ್ಟಲು ಬುಸ್ಸೆಂದು ನೊರೆಯೆದ್ದಿತು. ಕಾಯಿಸಿದ ಹಾಲು ಉಕ್ಕುವ ಹಾಗೆ ಬೆಳ್ಳಗಿನ ನೊರೆ ಉಬ್ಬಿ ಅಂಚಿಗೆ ಬಂತು. ನಾನು ಹಿಂದಕ್ಕೆ ಹಾರಿದೆ. ಶರಣಪ್ಪ ನನ್ನ ಹಿಂದೆ ಅಡಗಿದ.

“ನಿಮ್ಮ ಎನ್ಜೈಮು,” ಅಂದರು ಡಾಕ್ಟರು. “ವಿಷಾನ ಒಡದು ನೀರು ಮತ್ತ ಗಾಳಿ ಮಾಡಾಕತ್ತದ. ಒಂದು ಮುಗಿಸಿ ಮುಂದಿಂದಕ್ಕ, ಅದನ್ನ ಮುಗಿಸಿ ಮತ್ತ ಮುಂದಿಂದಕ್ಕ. ಇಷ್ಟು ಕೆಲಸ ಮಾಡಿನೂ ತಾನು ಮಾತ್ರ ಇದ್ದಂಗ ಇರ್ತದ.”

ನಾನು ದಿನಾ ಪೂಜೆಯಲ್ಲಿ ಸ್ಮರಿಸುವವನು ವಿಷ ಕುಡಿದು ಲೋಕ ಉಳಿಸಿದವನು. ನನ್ನ ಮೈಯ ಒಂದೊಂದು ಹನಿಯಲ್ಲೂ ಅದೇ ಕೆಲಸ, ಯಾರೂ ಕರೆಯದೆ, ಯಾರೂ ಕಾಲು ತೊಳೆಯದೆ, ನಾನು ಮಲಗಿದ್ದಾಗಲೂ ನಡೆದಿದೆ. ಮೈಮೇಲೆ ರೋಮ ನಿಂತವು. ಕಾಯಕ ಎನ್ನುವ ಮಾತನ್ನು ಎಷ್ಟು ಮದುವೆ ಮಂಟಪದಲ್ಲಿ ನಿಂತು ಹೇಳಿದ್ದೇನೋ, ಅದು ಕಣ್ಣಿಗೆ ಬಿದ್ದದ್ದು ಅಂದೇ.

“ಮನಿಯಿಂದ ಮನಿಗಿ ಹೋಗಿ ಕಾರ್ಯ ಮಾಡಿ, ಇದ್ದಂಗ ತಿರುಗಿ ಬರೋದು. ಹಂಗಾದ್ರ ಇವೂ ಐನಾರ ಆದುವಲ್ರಿ!” ಅಂದೆ.

“ದಕ್ಷಿಣಿ ಇಲ್ಲದ ಐನಾರು,” ಅಂದ ಶರಣಪ್ಪ ಹಿಂದಿನಿಂದ. ಡಾಕ್ಟರು ಬಿದ್ದು ಬಿದ್ದು ನಕ್ಕರು.

ಅವನ ಹನಿಯನ್ನು ಇನ್ನೊಂದು ಬಟ್ಟಲಿಗೆ ಬಿಟ್ಟರು. ಅದೂ ಉಕ್ಕಿತು. ಕಣ್ಣಳತೆಗೆ ಎರಡೂ ಒಂದೇ. ಯಂತ್ರ ಅಳೆದರೆ ವ್ಯತ್ಯಾಸ ಸಿಗಬಹುದು, ಸಿಗದೆಯೂ ಇರಬಹುದು, ಬಹಳ ಜನರ ರಕ್ತ ನೋಡಿದ ಮೇಲಷ್ಟೇ ಏನಾದರೂ ಹೇಳಬಹುದು, ಒಬ್ಬರದು ನೋಡಿ ಹೇಳಿದರೆ ಸುಳ್ಳಾಗುತ್ತದೆ ಅಂದರು. ನನ್ನ ಐನಾರು ಮಂದಗತಿಯವರೋ ಚುರುಕಿನವರೋ ನನಗೆ ಇವತ್ತಿಗೂ ಗೊತ್ತಿಲ್ಲ. ಗೊತ್ತಾಗದಿದ್ದರೂ ನಡೆಯುತ್ತದೆ. ಇದ್ದಾರೆ ಅನ್ನುವುದು ಗೊತ್ತಾಯಿತಲ್ಲ. ಅಲ್ಲಿಯವರೆಗೆ ನನ್ನ ಮೈ ನನ್ನ ಮೇಲೆ ಹಗೆ ಸಾಧಿಸುತ್ತಿದೆ ಅಂದುಕೊಂಡಿದ್ದೆ. ಆ ನೊರೆ ನೋಡಿದ ಮೇಲೆ ಹಾಗೆ ಅನ್ನಿಸಲಿಲ್ಲ. ಚರ್ಮವೂ ಪಾಪ, ಅವಸರದ ಕೆಲಸಗಾರ, ಅಷ್ಟೇ.

ತಿರುಗಿ ಬರುವಾಗ ಖಾಲಿ ಟೆಂಪೋದಲ್ಲಿ ಶರಣಪ್ಪ ತಾನಾಗಿಯೇ ಬಾಯಿಬಿಟ್ಟ. “ಅವ್ವ ನಿಮ್ಮ ಹೊರತು ಯಾರೂ ಬ್ಯಾಡ ಅಂತಾಳ. ಸುಜಾತಾ ಒಪ್ಪಂಗಿಲ್ಲ. ನಾ ನಡುವ ಸಿಕ್ಕೇನಿ. ನನ್ನ ಕಣ್ಣಿಲೆ ನೋಡೂಣಂತ ಬಂದೆ.” ಆಮೇಲೆ, “ನೋಡಿದೆ,” ಅಂದ. ಅವನು ಒಪ್ಪಿದರೆ ಆಗಲಿಲ್ಲ, ಒಪ್ಪಬೇಕಾದವಳು ಸುಜಾತಾ ಎಂಬುದು ನಮ್ಮಿಬ್ಬರಿಗೂ ಗೊತ್ತಿತ್ತು.

ಗುಳಿಗೆ ಶುರುವಾಯಿತು. ವಾರಕ್ಕೊಂದೇ ದಿನ. ಡಾಕ್ಟರು ದಿನ ಕೇಳಿದರು, ನಾನು ಸೋಮವಾರ ಅಂದೆ. ತಪ್ಪಿ ದಿನಾ ನುಂಗಿದರೆ ಜೀವಕ್ಕೇ ಅಪಾಯ ಅಂತ ಅವರು ಕಣ್ಣಲ್ಲಿ ಕಣ್ಣಿಟ್ಟು ಹೇಳಿದ್ದರಿಂದ, ನೀಲಮ್ಮ ಗುಳಿಗೆಯನ್ನು ಬೀಗ ಹಾಕಿ ಇಟ್ಟಳು. ಸೋಮವಾರ ಸಂಜೆ ಪೂಜೆಯ ನಂತರ ಬೀಗ ತೆಗೆದು ಕೊಡುತ್ತಿದ್ದಳು, ಪ್ರಸಾದ ಕೊಡುವ ಗತ್ತಿನಲ್ಲಿ. ಮಂಗಳವಾರ ಹೊಟ್ಟೆ ತೊಳಸುತ್ತಿತ್ತು, ಬುಧವಾರಕ್ಕೆ ಸರಿ. ಆಗಾಗ ಹೋಗಿ ರಕ್ತ ಕೊಟ್ಟು ಬರಬೇಕು, ಎನ್ಜೈಮು ಏರಿಲ್ಲ ತಾನೇ ಅಂತ ನೋಡಿಸಬೇಕು. ಆ ಫಲಿತಾಂಶಕ್ಕೆ ಕಾಯುವಾಗ ಎದೆ ಈಗಲೂ ಹೊಡೆದುಕೊಳ್ಳುತ್ತದೆ.

ಶಿವರಾತ್ರಿ ಹೊತ್ತಿಗೆ ಅಂಗೈಯ ಬಿರುಕು ಕೂಡಿತು. ಲಿಂಗದ ಮೇಲೆ ನೀರು ಹಾಕಿದೆ, ಉರಿಯಲಿಲ್ಲ. ಅಂಗೈ ಸುಮ್ಮನೆ ಅಂಗೈಯಾಗಿತ್ತು. ಪೂಜೆ ನಿಲ್ಲಿಸಿ ಅದನ್ನೇ ನೋಡುತ್ತ ಕೂತೆ, ಶಿವ ಬೇಜಾರು ಮಾಡಿಕೊಂಡಿರಲಿಕ್ಕಿಲ್ಲ. ಹಿಮ್ಮಡಿ, ಮೊಣಕೈಯ ಕಲೆಗಳು ಪೂರ್ತಿ ಹೋಗಲಿಲ್ಲ. ಇವತ್ತೂ ಇವೆ. ತೋಳಿನ ಗುಂಡಿ ಹಾಕಿಕೊಂಡು, ಸೆಕೆಯಲ್ಲೂ ಮೊಣಕೈ ಮುಚ್ಚಿಕೊಂಡು ನೀವು ಇದನ್ನು ಓದುತ್ತಿದ್ದರೆ ನಿಮಗೆ ಹೇಳುವುದಿಷ್ಟು: ಚರ್ಮದ ಡಾಕ್ಟರ ಮುಂದಿನ ಆ ಬೆಂಚಿನ ಮೇಲೆ ಒಮ್ಮೆ ಹೋಗಿ ಕೂತುಕೊಳ್ಳಿ. ನಿಮ್ಮದೇ ಕಲೆ ಇರುವವರು ಪಕ್ಕದಲ್ಲಿ ಕೂತಿರುತ್ತಾರೆ. ಕರಿ ಪುಡಿ ಕೊಡುವವರ ಹತ್ತಿರ ಮಾತ್ರ ಹೋಗಬೇಡಿ.

ಸುಜಾತಾ ಹೆತ್ತದ್ದು ಕಲಬುರಗಿಯಲ್ಲಿ, ಅದೇ ದವಾಖಾನೆಯಲ್ಲಿ. ಹೆಣ್ಣು ಕೂಸು. ಯುಗಾದಿ ಕಳೆದ ಮೇಲೆ ಗೌಡರ ಮನೆಯಿಂದ ಕರೆ ಬಂತು. ಹೆಸರಿಡುವ ದಿನ, ಲಿಂಗಧಾರಣೆಯೂ ಅಂದೇ. ಯಾರು ಕಟ್ಟುತ್ತಾರೆ ಅಂತ ಕರೆಯಲು ಬಂದವರು ಹೇಳಲಿಲ್ಲ. ನಾನು ತೋಳಿಲ್ಲದ ಬನಿಯನ್ನಿನ ಮೇಲೆ ಬರೇ ವಸ್ತ್ರ ಹೊದ್ದು ಹೋದೆ, ಯಾವುದನ್ನೂ ಮುಚ್ಚಲಿಲ್ಲ.

ಪಡಸಾಲೆ ತುಂಬ ಜನ. ಶಿವಕಾಂತಮ್ಮ ತಾಮ್ರದ ತಟ್ಟೆ, ನೀರು ಇಟ್ಟುಕೊಂಡು ಕಾಯುತ್ತಿದ್ದರು. ಆದರೆ ಕೂಸು ಒಳಕೋಣೆಯಲ್ಲಿ, ಸುಜಾತಾಳ ತೊಡೆಯ ಮೇಲೆ. ಅವಳು ಎದ್ದು ಹೊಸ್ತಿಲ ತನಕ ಬಂದು ನಿಂತಳು. ಕೂಸನ್ನು ಎದೆಗೆ ಅವುಚಿಕೊಂಡಿದ್ದಳು. ಅಷ್ಟು ಜನರ ಮುಂದೆ ನನ್ನ ಮೊಣಕೈ ನೋಡಿದಳು, ಆಮೇಲೆ ಮುಖ ನೋಡಿದಳು.

“ಐನಾರ, ಒಂದು ಮಾತ ಕೇಳ್ತೇನಿ. ನಿಮಗ ಪೂರಾ ಆರಾಮ ಆಗ್ಯದೇನ್ರಿ?”

ಹೌದು ಅಂದುಬಿಡಬಹುದಿತ್ತು. ಅಂಗೈ ಚೊಕ್ಕಟವಾಗಿತ್ತು, ಉಳಿದ ಕಲೆ ತಿಳಿಯಾಗಿತ್ತು, ನಂಬಲು ಜನ ತಯಾರಾಗಿದ್ದರು. ಶರಣಪ್ಪ ಹೂಂ ಅನ್ನಿರಿ ಅಂತ ಕಣ್ಣಿನಲ್ಲೇ ಬೇಡುತ್ತಿದ್ದ. ಇಷ್ಟು ತಿಂಗಳು ಕಾದದ್ದು ಈ ಒಂದು ಗಳಿಗೆಗೆ.

“ಇಲ್ಲವ್ವಾ. ಇದು ಪೂರಾ ಹೋಗೂದಲ್ಲ. ಇವತ್ತ ಕಮ್ಮಿ ಅದ, ಛಳಿಗಾಲದಾಗ ಮತ್ತ ಏಳಬಹುದು. ಅಂಟೂದಿಲ್ಲ ಅನ್ನೂದು ಖರೇ. ಮುಂದಿಂದು ನೀನೇ ಹೇಳಬೇಕು.”

ಪಡಸಾಲೆಯಲ್ಲಿ ಗುಸುಗುಸು ಎದ್ದಿತು. ಸುಜಾತಾ ಹೊಸ್ತಿಲು ದಾಟಿ ಬಂದಳು. ನನ್ನ ಮುಂದೆ ಕೂತಳು.

“ಹೆರಿಗಿಗಿ ಹೋದಾಗ ಆ ಡಾಕ್ಟರ್ ಅಕ್ಕಾರನ್ನ ಹುಡುಕ್ಯಾಡಿ ಕೇಳಿ ಬಂದೇನ್ರಿ. ಅವರೂ ಇದನ್ನೇ ಹೇಳ್ಯಾರ, ಹೋಗೂದಲ್ಲ, ಅಂಟೂದಲ್ಲ ಅಂತ. ನೀವು ಪೂರಾ ಆರಾಮ ಅಂದಿದ್ರ ನನ್ನ ಮಗಳನ್ನ ನಿಮ್ಮ ಕೈಯಾಗ ಕೊಡ್ತಿರಲಿಲ್ಲ ನೋಡ್ರಿ,” ಅಂದಳು.

ಹಾಗೆ ಹೇಳಿ ಕೂಸನ್ನು ನನ್ನ ಎರಡೂ ಕೈಗಳ ಮೇಲೆ ಇಟ್ಟಳು.

ಎಷ್ಟು ಹಗುರ, ಎಷ್ಟು ಬಿಸಿ. ತೆಳ್ಳಗಿನ ಹಣೆಯ ಚರ್ಮದ ಕೆಳಗೆ ಒಂದು ನೀಲಿ ನರ ಮಿಡಿಯುತ್ತಿತ್ತು. ನಾನು ಲಿಂಗ ಕಟ್ಟುವ ಮೊದಲೇ ಆ ನರದೊಳಗೆ ಕೆಲಸ ಶುರುವಾಗಿದೆ, ಯಾವ ಮುಹೂರ್ತಕ್ಕೂ ಕಾಯದೆ. ಲಿಂಗ ಕಟ್ಟಿದೆ, ವಿಭೂತಿ ಹಚ್ಚಿದೆ, ಬಲಗಿವಿಯ ಹತ್ತಿರ ಬಾಯಿ ಒಯ್ದೆ. ಹುಟ್ಟಿದಾಗಿನಿಂದ ಹೇಳುತ್ತ ಬಂದ ಐದೇ ಅಕ್ಷರ, ನಮಃ ಶಿವಾಯ, ನನ್ನ ಕಿವಿಗೇ ಕೇಳದಷ್ಟು ಮೆಲ್ಲಗೆ ಹೇಳಿದೆ.

ಶಿವಕಾಂತಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು ಗದರಿಸಿದರು.

“ಜೋರ ಹೇಳ್ರಿ ಐನಾರ, ಕೂಸಿಗಿ ಕೇಳಬೇಕಲ್ಲ!”